ಬೀಗ ಇದ್ದರೆ ಸಾಲದು, ಬೀಗದ ಕೈ ಯಾರ ಬಳಿ ಇದೆ?

ಅಮೆರಿಕದಲ್ಲಿ ಸೇನೆಯಲ್ಲಿ ದುಡಿದು ಹೊರಬಂದ ಮಹಿಳೆಯರು ಸುಮಾರು 20 ಲಕ್ಷ ಮಂದಿ ಇದ್ದಾರೆ. ಅವರ ಚಿಕಿತ್ಸೆ, ಸವಲತ್ತುಗಳನ್ನು ನೋಡಿಕೊಳ್ಳುವುದು ವೆಟರನ್ಸ್ ಅಫೇರ್ಸ್ ಇಲಾಖೆ. ಅಲ್ಲಿನವರು ‘ವಿಎ’ ಎಂದೇ ಕರೆಯುತ್ತಾರೆ. ಇಲಾಖೆ ಪ್ರತಿವರ್ಷ ಹೊರತರುವ ಆತ್ಮಹತ್ಯೆ ತಡೆ ವರದಿಯ ಪ್ರಕಾರ 2021ರಲ್ಲಿ 350 ಮಾಜಿ ಸೈನಿಕ ಮಹಿಳೆಯರು ಆತ್ಮಹತ್ಯೆಯಿಂದ ತೀರಿಕೊಂಡರು. ಹಿಂದಿನ ವರ್ಷಕ್ಕಿಂತ ದರ ಶೇ. 24.1ರಷ್ಟು ಏರಿತ್ತು; ಮಾಜಿ ಸೈನಿಕ ಪುರುಷರಲ್ಲಿ ಆ ಏರಿಕೆ ಶೇ. 6.3 ಮಾತ್ರ. ಮರುವರ್ಷ ಮಹಿಳೆಯರ ದರ ಇಳಿಯಿತು. ಒಟ್ಟು ಸಂಖ್ಯೆ ಚಿಕ್ಕದಾದ ಕಡೆ ದರ ಹೀಗೆ ಏರಿಳಿಯುವುದು ಸಹಜ, ಆದ್ದರಿಂದ ಒಂದು ವರ್ಷದ ಅಂಕಿ ಹಿಡಿದು ಹೆಚ್ಚು ಹೇಳಲಾಗದು. ಆದರೆ ಒಂದು ಅಂಶ ಗಮನಿಸಲೇಬೇಕು: ಆ 2021ರಲ್ಲಿ ಬಂದೂಕಿನಿಂದಾದ ಆತ್ಮಹತ್ಯೆಯ ದರ, ಸೇನೆಯಲ್ಲಿ ಇರದಿದ್ದ ಮಹಿಳೆಯರಿಗೆ ಹೋಲಿಸಿದರೆ, ಮಾಜಿ ಸೈನಿಕ ಮಹಿಳೆಯರಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟಿತ್ತು. ಸಂಕಟದ ದಿನಗಳಲ್ಲಿ ಬಂದೂಕು ಅವರ ಕೈಗೆ ಸಿಗದಂತೆ ಇಡುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಇದನ್ನು ಓದುತ್ತಿರುವ ನಿಮಗೇ ಈಗ ಬದುಕು ಸಾಕೆನಿಸಿದ್ದರೆ, ಮುಂದಕ್ಕೆ ಓದುವ ಮೊದಲು ಫೋನ್ ಮಾಡಿ. ಅಮೆರಿಕದಲ್ಲಿ 988 ಒತ್ತಿ, ನಂತರ 1 ಒತ್ತಿದರೆ ಮಾಜಿ ಸೈನಿಕರ ಸಹಾಯವಾಣಿ ಸಿಗುತ್ತದೆ. ಮಾತಾಡಲು ಆಗದಿದ್ದರೆ 838255ಕ್ಕೆ ಸಂದೇಶ ಕಳಿಸಬಹುದು. ಭಾರತದಲ್ಲಿ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಎರಡೂ ಹಗಲಿರುಳು ತೆರೆದಿರುತ್ತವೆ.

ಈ ಮಹಿಳೆಯರ ವಿಷಯದಲ್ಲಿ ಬಂದೂಕಿನ ಬಗ್ಗೆಯೇ ಇಷ್ಟು ಮಾತೇಕೆ, ಮನಸ್ಸಿನ ನೋವಿಗೆ ಚಿಕಿತ್ಸೆ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಚಿಕಿತ್ಸೆ ಬೇಕೇ ಬೇಕು. ಆದರೆ ಅದು ಫಲ ಕೊಡಲು ವಾರಗಳು, ತಿಂಗಳುಗಳು ಬೇಕು. ಸಾಯುವ ನಿರ್ಧಾರಕ್ಕೂ ಕೈಮೀರುವ ಗಳಿಗೆಗೂ ನಡುವೆ ಅಷ್ಟು ಹೊತ್ತು ಇರುವುದಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ಯುವಜನರನ್ನು ಮಾತಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ವರಲ್ಲಿ ಒಬ್ಬರ ಮಟ್ಟಿಗೆ ಆ ಅಂತರ ಐದು ನಿಮಿಷಕ್ಕಿಂತ ಕಡಿಮೆಯಿತ್ತು. ತಿಂಗಳುಗಟ್ಟಲೆ ಒಳಗೊಳಗೇ ಬೆಂದವರಿಗೂ ತೀವ್ರ ಗಳಿಗೆ ಚಿಕ್ಕದೇ. ಅದು ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಆ ಗಳಿಗೆಯಲ್ಲಿ ಕೈಗೆ ಬಂದೂಕು ಸಿಕ್ಕರೆ ಹತ್ತರಲ್ಲಿ ಒಂಬತ್ತು ಬಾರಿ ಜೀವ ಉಳಿಯುವುದಿಲ್ಲ. ಮನಸ್ಸು ಬದಲಿಸಲು, ಯಾರನ್ನಾದರೂ ಕೂಗಲು ಅವಕಾಶವೇ ಇರುವುದಿಲ್ಲ. ಇನ್ನೊಂದು ಕಡೆ, ಒಮ್ಮೆ ಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆಂದೂ ಆತ್ಮಹತ್ಯೆಯಿಂದ ಸಾಯುವುದಿಲ್ಲ. ‘ಸಾಯಬೇಕೆಂದವರು ಹೇಗಾದರೂ ಸಾಯುತ್ತಾರೆ’ ಎಂಬ ಮಾತು ಸುಳ್ಳು.

ಇದಕ್ಕೆ ಒಂದು ದೇಶದ ಸೇನೆಯೇ ಪುರಾವೆ ಒದಗಿಸಿದೆ. ಇಸ್ರೇಲಿನ ಯುವ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕನ್ನೂ ಒಯ್ಯುತ್ತಿದ್ದರು. 2006ರಲ್ಲಿ ಅದನ್ನು ನೆಲೆಯಲ್ಲೇ ಬಿಟ್ಟುಹೋಗಬೇಕೆಂದು ನಿಯಮ ಮಾಡಿದರು. ಆಮೇಲೆ ಆತ್ಮಹತ್ಯೆಯ ದರ ಸುಮಾರು ಶೇ. 40ರಷ್ಟು ಇಳಿಯಿತು. ಇಳಿದದ್ದು ವಾರಾಂತ್ಯದಲ್ಲಿ, ವಾರದ ಉಳಿದ ದಿನಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಆಗಲಿಲ್ಲ. ಬೇರೆ ದಿನಕ್ಕೋ ಬೇರೆ ದಾರಿಗೋ ಸಾವು ವರ್ಗವಾಗಲಿಲ್ಲ.

ಇನ್ನು ಮಹಿಳೆಯರ ವಿಷಯಕ್ಕೆ ಬರೋಣ. ಬಂದೂಕು ಸುರಕ್ಷತೆಯ ಸಲಹೆಗಳೆಲ್ಲ ಬಹುಕಾಲ ಗಂಡಸರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬೇಟೆಗೆ ಹೋಗುವ, ಐದಾರು ಬಂದೂಕು ಕೂಡಿಟ್ಟಿರುವ ಮನೆಯ ಯಜಮಾನನಿಗೆ, ಅವನ ಹೆಂಡತಿಯ ಮೂಲಕ ಹೇಳುವ ಮಾತುಗಳು ಅವು. ಸೈನಿಕಳಾಗಿದ್ದ ಹೆಣ್ಣುಮಗಳ ಮನೆಗೆ ಅವನ್ನು ಹಾಗೆಯೇ ಒಯ್ದರೆ ಮೂರು ಕಡೆ ಮುಗ್ಗರಿಸುತ್ತೇವೆ.

ಮೊದಲನೆಯದು, ಬಂದೂಕು ಯಾಕಿದೆ ಎಂಬುದು. ಮಾಜಿ ಸೈನಿಕ ಮಹಿಳೆಯರಲ್ಲಿ ನಾಲ್ವರಿಗೆ ಒಬ್ಬರ ಹೆಸರಲ್ಲಿ ಬಂದೂಕಿದೆ. ಅವರಲ್ಲಿ ಅನೇಕರಿಗೆ ಅದು ಆತ್ಮರಕ್ಷಣೆಯ ಸಾಧನ, ಹವ್ಯಾಸದ ವಸ್ತುವಲ್ಲ. ವಿಎ ಆಸ್ಪತ್ರೆಗಳಲ್ಲಿ ಕೇಳಿದಾಗ ಮೂವರಲ್ಲಿ ಒಬ್ಬ ಮಹಿಳೆ, ಸೇನೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳ ಅನುಭವಿಸಿದ್ದಾಗಿ ಹೇಳುತ್ತಾಳೆ. ಅದನ್ನು ಮಾಡಿದವರು ಅನೇಕ ಸಲ ಜೊತೆಯಲ್ಲೇ ದುಡಿದವರು, ಮೇಲಧಿಕಾರಿಗಳು. ಆಮೇಲೆ ಆಕೆಗೆ ನಿದ್ದೆ ಬರುವುದು ಕೈಗೆಟುಕುವಲ್ಲಿ ಪಿಸ್ತೂಲು ಇದ್ದರೆ ಮಾತ್ರ. ಅಂಥವಳಿಗೆ ‘ಅದನ್ನು ಮನೆಯಿಂದ ಹೊರಗಿಡಿ’ ಎಂದು ಎರಡು ಮಾತಲ್ಲಿ ಹೇಳಿ ಮುಗಿಸಿದರೆ ಆಕೆ ಮತ್ತೆ ಆ ವೈದ್ಯರ ಬಾಗಿಲು ತುಳಿಯುವುದಿಲ್ಲ. ಆಕೆಯ ಭಯ ನಿಜ. ಜೊತೆಗೆ ಆ ಪಿಸ್ತೂಲಿನಿಂದ ಆಕೆಗೇ ಅಪಾಯ ಇರುವುದೂ ನಿಜ. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಬಂದೂಕು ಹೊಂದಿದ್ದ ಮಹಿಳೆಯರು ಬಂದೂಕಿನಿಂದ ಆತ್ಮಹತ್ಯೆಯಾಗಿ ತೀರಿಕೊಂಡ ದರ, ಅದಿಲ್ಲದ ಮಹಿಳೆಯರದಕ್ಕಿಂತ 35 ಪಟ್ಟು ಹೆಚ್ಚಿತ್ತು. ಗಂಡಸರಲ್ಲಿ ಆ ವ್ಯತ್ಯಾಸ ಸುಮಾರು 8 ಪಟ್ಟು.

ಎರಡನೆಯದು, ಬಂದೂಕು ಯಾರದು ಎಂಬುದು. ತನ್ನ ಹೆಸರಲ್ಲಿ ಏನೂ ಇಲ್ಲದಿದ್ದರೂ ಗಂಡನದೋ, ಜೊತೆಗಾರನದೋ, ಅಪ್ಪನದೋ ಮನೆಯಲ್ಲಿರುತ್ತದೆ. ‘ನಿಮ್ಮ ಬಳಿ ಬಂದೂಕಿದೆಯೇ?’ ಎಂದರೆ ಆಕೆ ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುತ್ತಾಳೆ, ವಿಷಯ ಅಲ್ಲಿಗೇ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ‘ಮನೆಯಲ್ಲಿ, ಕಾರಿನಲ್ಲಿ, ನೀವು ಆಗಾಗ ಹೋಗಿ ತಂಗುವ ಮನೆಗಳಲ್ಲಿ ಯಾರ ಬಂದೂಕಾದರೂ ನಿಮ್ಮ ಕೈಗೆ ಸಿಗುವಂತಿದೆಯೇ?’

ಮೂರನೆಯದು ಎಲ್ಲಕ್ಕಿಂತ ಗಂಭೀರ: ಬೀಗದ ಕೈ ಯಾರಿಗೆ ಕೊಡಬೇಕು ಎಂಬುದು. ಸಲಹೆ ಕೊಡುವವರ ಬಾಯಿಗೆ ಮೊದಲು ಬರುವ ಉತ್ತರ ‘ಗಂಡನಿಗೆ’ ಎಂದು. ಮಾಜಿ ಸೈನಿಕ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಜೊತೆಗಾರನಿಂದ ಹಿಂಸೆ ಕಂಡವರು. ಹೊಡೆಯುವವನ ಕೈಗೆ ಎಲ್ಲ ಬಂದೂಕಿನ ಬೀಗದ ಕೈ ಕೊಡಿಸಿದರೆ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ತಂದಂತೆ. ಆದ್ದರಿಂದ ಈ ಮಾತನ್ನು ಆಕೆ ಒಬ್ಬಳೇ ಇರುವಾಗ ಆಡಬೇಕು. ಮನೆಯಲ್ಲಿ ಹಿಂಸೆಯಿದೆಯೇ ಎಂದು ಮೊದಲು ತಿಳಿದುಕೊಂಡು, ಆಮೇಲೆ ಬೀಗದ ಕೈ ಇಟ್ಟುಕೊಳ್ಳುವವರನ್ನು ಆರಿಸಬೇಕು. ಅಕ್ಕ, ತಂಗಿ, ಜೊತೆಯಲ್ಲಿ ಸೇವೆ ಮಾಡಿದ ಗೆಳತಿ, ಸೋದರತ್ತೆ, ಚರ್ಚಿನ ಹಿರಿಯರು, ಯಾರು ಬೇಕಾದರೂ ಆಗಬಹುದು. ಆಕೆಯೇ ಹೆಸರು ಹೇಳಲಿ. ಹಿಂಸೆಯಿದ್ದರೆ ವಿಎ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಇರುವ ಸಂಯೋಜಕರನ್ನೋ ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿಯನ್ನೋ (1-800-799-7233) ಸಂಪರ್ಕಿಸಬಹುದು.

ಈಗ ಬೀಗದ ಮಾತು. ವಿಎ ಆಸ್ಪತ್ರೆಯ ಆತ್ಮಹತ್ಯೆ ತಡೆ ಸಂಯೋಜಕರನ್ನು ಕೇಳಿದರೆ ಕೇಬಲ್ ಬೀಗ ಉಚಿತವಾಗಿ ಸಿಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿ, ಒಂದು ತುದಿಯಲ್ಲಿ ಚಿಕ್ಕ ಬೀಗ, ಇಷ್ಟೇ ಅದು. ಪಿಸ್ತೂಲಿಗೆ ಹಾಕುವ ಕ್ರಮ ಹೀಗೆ. ನಳಿಗೆಯ ಬಾಯಿ ಯಾರೂ ಇಲ್ಲದ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಜೀನ್ (ಗುಂಡುಗಳನ್ನು ತುಂಬಿಡುವ ಡಬ್ಬಿ) ಹೊರತೆಗೆಯಬೇಕು, ನಂತರವೇ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆಳೆಯಬೇಕು. ಈ ಕ್ರಮ ತಿರುವುಮುರುವಾದರೆ ಸ್ಲೈಡ್ ಮುಂದೆ ಸರಿಯುವಾಗ ಮ್ಯಾಗಜೀನಿನಿಂದ ಹೊಸ ಗುಂಡೊಂದನ್ನು ಚೇಂಬರಿಗೆ, ಅಂದರೆ ಹಾರಲು ಸಿದ್ಧವಾದ ಗುಂಡು ಕೂರುವ ಜಾಗಕ್ಕೆ, ತಳ್ಳುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು ‘ಖಾಲಿಯಾಯಿತು’ ಎಂದುಕೊಂಡರೂ ಒಂದು ಗುಂಡು ಒಳಗೇ ಇರುತ್ತದೆ. ಆಕಸ್ಮಿಕವಾಗಿ ಗುಂಡು ಹಾರುವ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು. ಸ್ಲೈಡನ್ನು ಹಿಂದೆಯೇ ನಿಲ್ಲಿಸಿ, ಚೇಂಬರ್ ಖಾಲಿಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಬೇಕು. ಆಮೇಲೆ ತಂತಿಯನ್ನು ಮೇಲಿನ ಕಿಂಡಿಯಿಂದ ಇಳಿಸಿ, ಮ್ಯಾಗಜೀನ್ ಕೂರುವ ಜಾಗದಿಂದ ಹೊರಗೆಳೆದು ಬೀಗಕ್ಕೆ ಸಿಕ್ಕಿಸಬೇಕು. ತಂತಿ ಅಡ್ಡವಿರುವವರೆಗೆ ಸ್ಲೈಡ್ ಮುಚ್ಚುವುದಿಲ್ಲ, ಮ್ಯಾಗಜೀನ್ ಕೂರುವುದಿಲ್ಲ. ರಿವಾಲ್ವರಾದರೆ ಗುಂಡುಗಳು ಕೂರುವ, ತಿರುಗುವ ಸಿಲಿಂಡರನ್ನು ಹೊರಕ್ಕೆ ತೆರೆದು, ಗುಂಡುಗಳನ್ನೆಲ್ಲ ತೆಗೆದು, ಸಿಲಿಂಡರ್ ಮುಚ್ಚದಂತೆ ಚೌಕಟ್ಟಿನ ಮೂಲಕ ತಂತಿ ಹಾಯಿಸಬೇಕು. ಟ್ರಿಗರ್‌ಗೆ ಹಾಕುವ ಬೀಗವೂ ಇದೆ, ಆದರೆ ಅದನ್ನು ಗುಂಡಿರುವ ಬಂದೂಕಿಗೆ ಎಂದೂ ಹಾಕಬಾರದು. ಹಾಕುವಾಗಲೇ ಟ್ರಿಗರ್ ಅದುಮಿ ಹೋಗಬಹುದು. ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೇರೆ ಬೀಗ ಹಾಕಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಕೆಡುವುದು ಎಲ್ಲಿ ಎಂದರೆ ಬೀಗದ ಕೈಯಲ್ಲಿ. ಪುಟ್ಟ ಮಕ್ಕಳಿಂದ ಬಂದೂಕನ್ನು ಕಾಯುವುದು ಒಂದು, ಅದರ ಒಡತಿಯನ್ನೇ ಕಾಯುವುದು ಇನ್ನೊಂದು. ಮಕ್ಕಳ ವಿಷಯದಲ್ಲಿ ಬೀಗದ ಕೈ ಅಮ್ಮನ ಕೊರಳಲ್ಲಿದ್ದರೆ ಸಾಕು. ಅಮ್ಮನೇ ಸಂಕಟದಲ್ಲಿದ್ದಾಗ ಅದೇ ಬೀಗ ಅರ್ಧ ನಿಮಿಷವೂ ತಡೆಯುವುದಿಲ್ಲ. ಬೆರಳಚ್ಚಿನಿಂದ ತೆರೆಯುವ ಪೆಟ್ಟಿಗೆಯಂತೂ ಒಡತಿಗೆ ಬೇಗ ಸಿಗಲೆಂದೇ ಮಾಡಿದ್ದು. ಆದ್ದರಿಂದ ಕಷ್ಟದ ದಿನಗಳಲ್ಲಿ ಬೀಗದ ಕೈ ಅಥವಾ ಕೋಡ್ ಇನ್ನೊಬ್ಬರ ಬಳಿಯೇ ಇರಬೇಕು. ಬೀಗದ ಜೊತೆ ಸಾಮಾನ್ಯವಾಗಿ ಎರಡು ಕೈ ಬರುತ್ತವೆ; ಒಂದನ್ನು ಗೆಳತಿಗೆ ಕೊಟ್ಟು ಇನ್ನೊಂದು ಅಡುಗೆಮನೆಯ ಡ್ರಾಯರಿನಲ್ಲೇ ಉಳಿದರೆ ಏನೂ ಮಾಡಿದಂತಾಗಲಿಲ್ಲ. ಸೇಫ್‌ನ ಕೋಡನ್ನು ಇನ್ನೊಬ್ಬರೇ ಬದಲಿಸಬೇಕು, ಅದು ಹುಟ್ಟಿದ ದಿನವೋ ಮದುವೆಯ ದಿನವೋ ಆಗಿರಬಾರದು. ಸೇಫ್‌ಗೆ ತುರ್ತು ಬಳಕೆಯ ಬೀಗದ ಕೈ ಇದ್ದರೆ ಅದನ್ನೂ ಒಯ್ಯಬೇಕು. ಬಚ್ಚಿಡುವುದು ಉಪಾಯವೇ ಅಲ್ಲ, ಸ್ವಂತ ಮನೆಯಲ್ಲಿ ಬಚ್ಚಿಟ್ಟದ್ದು ಮನೆಯವರಿಗೆ ಸಿಕ್ಕೇ ಸಿಗುತ್ತದೆ. ಬೇಟೆಯ ರೈಫಲ್‌ಗಳನ್ನೆಲ್ಲ ಸಾಗಿಸಿ, ಮಂಚದ ಬದಿಯ ಪಿಸ್ತೂಲನ್ನು ‘ರಕ್ಷಣೆಗಿರಲಿ’ ಎಂದು ಬಿಡುವುದೂ ಉಂಟು. ಅತಿ ಹೆಚ್ಚು ಅಪಾಯ ಇರುವುದು ಆ ಒಂದರಿಂದಲೇ.

ಇನ್ನೂ ಒಂದು ಎಚ್ಚರ. ಸಂಕಟ ತೀವ್ರವಾಗಿದ್ದಾಗ ಬೀಗ ಹಾಕಲೆಂದೋ ಗುಂಡು ತೆಗೆಯಲೆಂದೋ ಆಕೆಯ ಕೈಗೆ ಬಂದೂಕು ಕೊಡಬಾರದು. ಆ ಕೆಲಸವನ್ನು ಬಲ್ಲ ಬೇರೆಯವರು ಮಾಡಲಿ. ಸಹಾಯಕ್ಕೆ ಬಂದವರಿಗೆ ಬಂದೂಕಿನ ಪರಿಚಯವಿಲ್ಲದಿದ್ದರೆ ಕೈ ಹಾಕದೆ, ಆಕೆಯನ್ನೇ ಆ ಜಾಗದಿಂದ ಬೇರೆಡೆಗೆ ಕರೆದೊಯ್ದು, ಬಲ್ಲವರನ್ನು ಕರೆಸುವುದು ಒಳ್ಳೆಯದು.

ಎಲ್ಲಕ್ಕಿಂತ ಭದ್ರವಾದದ್ದು ಕೆಲ ಕಾಲ ಬಂದೂಕು ಮನೆಯಲ್ಲೇ ಇಲ್ಲದಿರುವುದು. ನಂಬಿಕಸ್ಥ ಬಂಧು, ಬಂದೂಕು ಅಂಗಡಿ, ಗುರಿ ಅಭ್ಯಾಸದ ಕ್ಲಬ್, ಕೆಲವು ಕಡೆ ಪೊಲೀಸ್ ಠಾಣೆ, ಇವೇ ಇರುವ ದಾರಿಗಳು. ಕೊಲರಾಡೊದಂಥ ಕೆಲವು ರಾಜ್ಯಗಳಲ್ಲಿ ಇಂಥ ಸ್ಥಳಗಳ ನಕ್ಷೆಯನ್ನೇ ಅಂತರ್ಜಾಲದಲ್ಲಿ ಹಾಕಿದ್ದಾರೆ. ಹೋಗುವ ಮೊದಲು ಫೋನ್ ಮಾಡಿ ಕೇಳಬೇಕು. ಹೇಳದೆ ಕೇಳದೆ ಬಂದೂಕು ಹಿಡಿದು ಠಾಣೆಯೊಳಗೆ ಹೋಗಲೇಬಾರದು. ಕಾನೂನಿನ ತೊಡಕೂ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸ ವಿಧಿಸಬಹುದಾದ ಅಪರಾಧಕ್ಕೋ ಕೌಟುಂಬಿಕ ಹಿಂಸೆಗೋ ಶಿಕ್ಷೆಯಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಅವರಿಗೆ ಕೊಟ್ಟರೆ ಕೊಟ್ಟವರಿಗೂ ತೊಂದರೆ. ಬೇರೆ ರಾಜ್ಯದಲ್ಲಿರುವ ತಮ್ಮನಿಗೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ದಾಟಿಸಬೇಕು. ಕೆಲವು ರಾಜ್ಯಗಳಲ್ಲಿ ಗೆಳೆಯರ ನಡುವಿನ ಹಸ್ತಾಂತರಕ್ಕೂ ಹಿನ್ನೆಲೆ ತಪಾಸಣೆ ಕಡ್ಡಾಯ, ಆತ್ಮಹತ್ಯೆ ತಡೆಯಲೆಂದು ಕೊಡುವಾಗ ವಿನಾಯಿತಿ ಇದೆಯೇ ಎಂದು ನೋಡಿಕೊಳ್ಳಬೇಕು. ಅಂಗಡಿಯವರು ವಾಪಸು ಕೊಡುವಾಗ ತಪಾಸಣೆ ನಡೆಸಬೇಕಾಗಬಹುದು, ಇಡುವಾಗಲೇ ಕೇಳಿಟ್ಟುಕೊಳ್ಳುವುದು ವಾಸಿ. ಇದು ಯಾವುದಕ್ಕೂ ಒಪ್ಪದವರು ಗುಂಡುಗಳನ್ನಾದರೂ ಹೊರಗಿಡಬಹುದು, ಇಲ್ಲವೇ ಬಂದೂಕಿನ ಒಂದು ಮುಖ್ಯ ಭಾಗವನ್ನು, ರೈಫಲಾದರೆ ಬೋಲ್ಟನ್ನು, ಬಿಚ್ಚಿ ಇನ್ನೊಬ್ಬರ ಬಳಿ ಇಡಬಹುದು. ಪೂರ್ತಿ ಸಾಧ್ಯವಾಗದಿದ್ದರೆ ಅರ್ಧವಾದರೂ ಲಾಭವೇ.

ಮನೆಯಲ್ಲಿ ಬಂದೂಕಿಲ್ಲದ ದಿನಗಳಲ್ಲಿ ಆಕೆಯ ಭಯಕ್ಕೆ ಏನು ಉತ್ತರ? ಇದನ್ನು ಬಿಟ್ಟರೆ ಮೇಲಿನ ಸಲಹೆಗಳೆಲ್ಲ ಗಾಳಿಗೆ ಹೋಗುತ್ತವೆ. ಬಾಗಿಲಿಗೆ ಗಟ್ಟಿ ಅಡ್ಡಪಟ್ಟಿ, ಕಿಟಕಿಗೆ ಕೊಂಡಿ, ಯಾರಾದರೂ ಸುಳಿದರೆ ಹೊತ್ತಿಕೊಳ್ಳುವ ದೀಪ, ಕ್ಯಾಮೆರಾ, ಅಲಾರಂ, ನಾಯಿ, ರಾತ್ರಿ ಕರೆದರೆ ಓಡಿಬರುವ ನೆರೆಯವರು, ಬೆದರಿಸುವವನಿದ್ದರೆ ನ್ಯಾಯಾಲಯದಿಂದ ರಕ್ಷಣಾ ಆದೇಶ: ಇವನ್ನು ಆಕೆಯ ಜೊತೆ ಕೂತು ಒಂದೊಂದಾಗಿ ಯೋಜಿಸಬೇಕು, ಬಂದೂಕು ಹೊರಹೋಗುವ ಮೊದಲೇ ಅಳವಡಿಸಬೇಕು. ಆಘಾತದಿಂದ ಬಂದ ಭಯಕ್ಕೂ ನಿದ್ರಾಹೀನತೆಗೂ ಪರಿಣಾಮಕಾರಿ ಮಾತಿನ ಚಿಕಿತ್ಸೆಗಳಿವೆ. ಸೇನೆಯಲ್ಲಾದ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ ಚಿಕಿತ್ಸೆ ವಿಎಯಲ್ಲಿ ಉಚಿತ. ಆಗ ದೂರು ಕೊಟ್ಟಿರಲೇಬೇಕೆಂದಿಲ್ಲ, ದಾಖಲೆ ತೋರಿಸಬೇಕೆಂದೂ ಇಲ್ಲ.

ಮಾತು ಹೇಗೆ ಶುರು ಮಾಡುವುದು? ಸುತ್ತಿ ಬಳಸದೆ. ‘ನಿನಗೆ ಸಾಯಬೇಕು ಅನ್ನಿಸ್ತಾ ಇದೆಯಾ?’ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಎಷ್ಟೋ ಸಲ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತದೆ. ‘ಹೌದು’ ಎಂದರೆ ಬೈಯಬೇಡಿ, ‘ಮಕ್ಕಳ ಮುಖ ನೋಡು’ ಎಂದು ತಪ್ಪಿತಸ್ಥ ಭಾವ ಹೊರಿಸಬೇಡಿ. ‘ಹೇಳಿದ್ದು ಒಳ್ಳೇದಾಯ್ತು. ಸ್ವಲ್ಪ ದಿನ ಗನ್ ನನ್ನ ಹತ್ರ ಇರ್ಲಿ. ಅದು ನಿಂದೇ, ನೀನು ಸುಧಾರಿಸಿಕೊಂಡ ಮೇಲೆ ವಾಪಸ್ ಕೊಡ್ತೀನಿ’ ಎನ್ನಿ. ಬಂದೂಕಿನ ಹಕ್ಕು, ರಾಜಕೀಯ ಯಾವುದನ್ನೂ ಎಳೆದು ತರಬೇಡಿ. ಅಮೆರಿಕದ ಬಂದೂಕು ಅಂಗಡಿಗಳವರೇ ಕೈಜೋಡಿಸಿದ ತಡೆ ಕಾರ್ಯಕ್ರಮಗಳಲ್ಲಿ ಇದನ್ನು ಕುಡಿದ ಗೆಳೆಯನ ಕಾರಿನ ಕೀ ತೆಗೆದಿಟ್ಟುಕೊಳ್ಳುವುದಕ್ಕೆ ಹೋಲಿಸುತ್ತಾರೆ. ಕಾರು ಕಿತ್ತುಕೊಂಡಂತಲ್ಲ, ರಾತ್ರಿ ಕಳೆಯಲೆಂದು ಅಷ್ಟೆ.

ಬಾಯಿ ಬಿಟ್ಟರೆ ಸರ್ಕಾರ ಬಂದೂಕು ಕಿತ್ತುಕೊಳ್ಳುತ್ತದೆ ಎಂಬ ಹೆದರಿಕೆಯಿಂದ ಸುಮ್ಮನಿರುವವರು ಬಹಳ. ಕೇಬಲ್ ಬೀಗ ಕೇಳಿದ್ದಕ್ಕೋ, ಸಹಾಯವಾಣಿಗೆ ಫೋನ್ ಮಾಡಿದ್ದಕ್ಕೋ, ಖಿನ್ನತೆಗೆ ಮದ್ದು ತೆಗೆದುಕೊಂಡದ್ದಕ್ಕೋ ವಿಎ ಬಂದೂಕು ವಶಪಡಿಸಿಕೊಳ್ಳುವುದಿಲ್ಲ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಬಂದೂಕಿನ ಹಕ್ಕಿಗೆ ಧಕ್ಕೆ ಬರುವುದು ಅಧಿಕೃತ ಆದೇಶದ ಮೇರೆಗೆ ಬಲವಂತವಾಗಿ ಮನೋರೋಗ ಆಸ್ಪತ್ರೆಗೆ ಸೇರಿಸಿದಂಥ ಸಂದರ್ಭಗಳಲ್ಲಿ. ತಾನಾಗಿ ಹೋಗಿ ದಾಖಲಾದರೆ ಅಲ್ಲ. ರಾಜ್ಯಗಳ ಕಾನೂನು ಇನ್ನೂ ಬಿಗಿಯಾಗಿರಬಹುದು. ಬೇಗ ಹೋದವರಿಗೆ ಹಕ್ಕೂ ಉಳಿಯುತ್ತದೆ ಎಂಬುದನ್ನು ಜನರಿಗೆ ಸ್ಪಷ್ಟವಾಗಿ ಹೇಳಬೇಕಾಗಿದೆ.

ಚಿಕಿತ್ಸಕರೊಂದಿಗೆ ಕೂತು ಬರೆಯುವ ಸುರಕ್ಷತಾ ಯೋಜನೆಯ ಬಗ್ಗೆಯೂ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಇದು ಆರು ಹಂತದ್ದು: ಸಂಕಟ ಏರುತ್ತಿರುವ ಮುನ್ಸೂಚನೆಗಳು, ಒಬ್ಬಳೇ ಮಾಡಿಕೊಳ್ಳಬಹುದಾದ ಸಮಾಧಾನ, ಮನಸ್ಸು ಬೇರೆಡೆ ಹೊರಳಿಸುವ ಜನ ಮತ್ತು ಜಾಗ, ನೆರವು ಕೇಳಬಹುದಾದವರು, ವೈದ್ಯರು ಮತ್ತು ಸಹಾಯವಾಣಿ, ಕೊನೆಗೆ ಮನೆಯನ್ನು ಅಪಾಯಮುಕ್ತ ಮಾಡುವುದು. ವಿಎ ತುರ್ತು ಚಿಕಿತ್ಸಾ ಘಟಕಗಳಲ್ಲಿ ಈ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತ ಬಂದಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಯ ವರ್ತನೆ ಶೇ. 45ರಷ್ಟು ಕಡಿಮೆ ಕಂಡಿತು. ಇದು 2018ರಲ್ಲಿ ಪ್ರಕಟವಾಯಿತು. ಆರನೆಯ ಹಂತವನ್ನು ಬಹಳ ಮಂದಿ ‘ಬಂದೂಕನ್ನು ಭದ್ರವಾಗಿಡುತ್ತೇನೆ’ ಎಂದು ಬರೆದು ಮುಗಿಸುತ್ತಾರೆ. ಅದು ಸಾಲದು. ‘ಮಂಗಳವಾರ ಸಂಜೆಯೊಳಗೆ ತಂಗಿ ಬಂದು ಪಿಸ್ತೂಲು, ಗುಂಡು, ಎರಡೂ ಬೀಗದ ಕೈ ಒಯ್ಯುತ್ತಾಳೆ, ಒಯ್ದ ಮೇಲೆ ವೈದ್ಯರಿಗೆ ಫೋನ್ ಮಾಡುತ್ತಾಳೆ’ ಎಂದು ಯಾರು, ಯಾವಾಗ, ಏನು ಎಂಬುದೆಲ್ಲ ಕಾಗದದ ಮೇಲಿರಬೇಕು. ವಾಪಸು ಯಾವಾಗ, ಯಾರು ಹೇಳಿದ ಮೇಲೆ ಎಂಬುದನ್ನೂ ಅಲ್ಲೇ ಬರೆದರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ತೀವ್ರ ಸಂಕಟದಲ್ಲಿರುವ ಮಾಜಿ ಸೈನಿಕರು 2023ರ ಜನವರಿ 17ರಿಂದ ವಿಎಯಲ್ಲಿ ಹೆಸರು ನೋಂದಾಯಿಸದಿದ್ದರೂ, ಯಾವುದೇ ಆಸ್ಪತ್ರೆಯ ತುರ್ತು ಘಟಕಕ್ಕೆ ಹೋಗಬಹುದು. ಅರ್ಹರಿಗೆ 30 ದಿನಗಳವರೆಗೆ ಒಳರೋಗಿ ಚಿಕಿತ್ಸೆ, 90 ದಿನಗಳವರೆಗೆ ಹೊರರೋಗಿ ಚಿಕಿತ್ಸೆ ಉಚಿತ. ಮಹಿಳೆಯರಿಗೆಂದೇ 1-855-829-6636 ಎಂಬ ವಿಎ ಸಂಖ್ಯೆಯಿದೆ. ಯುದ್ಧರಂಗಕ್ಕೆ ಹೋಗಿಲ್ಲ ಎಂಬ ಕಾರಣಕ್ಕೆ ತಮ್ಮನ್ನು ಮಾಜಿ ಸೈನಿಕರೆಂದೇ ಎಣಿಸಿಕೊಳ್ಳದ ಎಷ್ಟೋ ಮಹಿಳೆಯರಿದ್ದಾರೆ. ಅವರೂ ಫೋನ್ ಮಾಡಿ ತಮಗೆ ಏನೆಲ್ಲ ಸಿಗುತ್ತದೆಂದು ಕೇಳಬೇಕು.

ಕರ್ನಾಟಕಕ್ಕೂ ಇದರಲ್ಲಿ ತೆಗೆದುಕೊಳ್ಳುವುದಿದೆ. ಭಾರತೀಯ ಸೇನೆಯ ಮಿಲಿಟರಿ ಪೊಲೀಸ್ ದಳದ ಮೊದಲ ಮಹಿಳಾ ತಂಡ, 83 ಮಂದಿ, 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನಲ್ಲೇ. ಸೈನಿಕ ಮಹಿಳೆಯರ ಸಂಖ್ಯೆ ನಮ್ಮಲ್ಲೂ ಬೆಳೆಯುತ್ತಿದೆ. ಕೊಡಗಿನಲ್ಲಿ ಸೇನೆಯ ನಂಟೂ ಮನೆಯ ಬಂದೂಕೂ ಒಟ್ಟೊಟ್ಟಿಗೆ ಇವೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿಯಿದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಪಡೆಯುವ ಬಂದೂಕಿಗೆ ಉಳಿದ ದಿನಗಳಲ್ಲಿ ಬೀಗ ಹಾಕುವುದರಿಂದ, ಮನೆಯಲ್ಲಿ ಯಾರಾದರೂ ಕುಗ್ಗಿದಾಗ ಕೆಲ ಕಾಲ ಬೇರೆ ಮನೆಯ ಹಿರಿಯರ ಬಳಿ ಇಡುವುದರಿಂದ ಗೌರವಕ್ಕೆ ಕುಂದಿಲ್ಲ. ಹಾಗೆ ಇಡುವ ಮೊದಲು ಕಾನೂನಿನಂತೆ ಯಾರ ಬಳಿ ಇಡಬಹುದು ಎಂದು ಠಾಣೆಯಲ್ಲಿ ವಿಚಾರಿಸಿಕೊಳ್ಳಬೇಕು. ಚುನಾವಣೆ ಬಂದಾಗ ಪರವಾನಗಿ ಇರುವವರು ಬಂದೂಕು ತಂದೊಪ್ಪಿಸಿ, ಮುಗಿದ ಮೇಲೆ ಒಯ್ಯುವುದು ನಮ್ಮ ಠಾಣೆಗಳಿಗೆ ಹೊಸತೇನಲ್ಲ.

ಟೆಲಿ-ಮಾನಸ್‌ಗೆ ರಾಷ್ಟ್ರಮಟ್ಟದ ಮಾರ್ಗದರ್ಶಿ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬದವರಿಗೆಂದೇ ಒಂದು ಘಟಕ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಲ್ಲಿ ಆರಂಭವಾಗಿದೆ. 14416 ಸಿಗದಿದ್ದರೆ 1-800-891-4416ಕ್ಕೂ ಕರೆ ಮಾಡಬಹುದು, ಶುಲ್ಕವಿಲ್ಲ. ಸಂಕಟದಲ್ಲಿರುವವರೇ ಮಾಡಬೇಕೆಂದಿಲ್ಲ. ಮನೆಯವರು, ಗೆಳತಿಯರು ಕರೆ ಮಾಡಿ, ಹೇಗೆ ಮಾತಾಡಿಸಬೇಕು, ಬಂದೂಕಿಗೆ ಏನು ಮಾಡಬೇಕು ಎಂದು ಕೇಳಿದರೂ ಸಲಹೆ ಸಿಗುತ್ತದೆ.